ಸೀತವ್ವ ಜೋಡಟ್ಟಿ

ಸೀತವ್ವ ಜೋಡಟ್ಟಿ ಅವರು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರ ಗ್ರಾಮದವರಾದ ಸಮಾಜಸೇವಕಿ. ಬಾಲ್ಯದಲ್ಲಿಯೇ ದೇವದಾಸಿ ಪದ್ಧತಿಗೆ ಒಳಗಾದ ಅವರು, ಮುಂದೆ ಅದೇ ಪದ್ಧತಿಯ ನಿರ್ಮೂಲನೆಗಾಗಿಯೂ ಮಾಜಿ ದೇವದಾಸಿಯರು ಮತ್ತು ಅವರ ಮಕ್ಕಳ ಪುನರ್ವಸತಿಗಾಗಿಯೂ ದುಡಿದವರು. ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿರುವ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯ (ಮಾಸ್) ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾಗಿ ಅವರು ಹೆಸರಾಗಿದ್ದಾರೆ. ಸಮಾಜಸೇವೆಯ ಕ್ಷೇತ್ರದಲ್ಲಿನ ಅವರ ಕಾರ್ಯಕ್ಕಾಗಿ ಭಾರತ ಸರ್ಕಾರವು 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು.

ಹುಟ್ಟೂರು ಮತ್ತು ಬಾಲ್ಯ

ಕಬ್ಬೂರು ಚಿಕ್ಕೋಡಿ ತಾಲ್ಲೂಕಿನ ಒಂದು ದೊಡ್ಡ ಊರು. ಚಿಕ್ಕೋಡಿ, ರಾಯಬಾಗ, ಅಥಣಿ ಹಾಗೂ ಇತ್ತೀಚೆಗೆ ತಾಲ್ಲೂಕುಗಳಾಗಿ ರಚನೆಗೊಂಡ ನಿಪ್ಪಾಣಿ ಮತ್ತು ಕಾಗವಾಡಗಳು ಸೇರಿ ಬೆಳಗಾವಿ ಜಿಲ್ಲೆಯ ಉತ್ತರದ ಗಡಿಭಾಗವಾಗುತ್ತವೆ. ಕೃಷ್ಣಾ ಮತ್ತು ಅದರ ಉಪನದಿಗಳಾದ ದೂಧಗಂಗಾ, ವೇದಗಂಗಾಗಳ ನೀರು ಹರಿಯುವ ಈ ಸೀಮೆಯಲ್ಲಿ ಕಬ್ಬು ಪ್ರಮುಖ ಬೆಳೆ. ನಿಪ್ಪಾಣಿ ತಂಬಾಕಿಗೆ ಹೆಸರಾದ ಪೇಟೆ. ಆಚೆಗೆ ಮಹಾರಾಷ್ಟ್ರದ ಕೊಲ್ಹಾಪುರ ಮತ್ತು ಸಾಂಗಲಿ ಜಿಲ್ಲೆಗಳಿವೆ. ಕನ್ನಡ ಮತ್ತು ಮರಾಠಿ ಎರಡೂ ಇಲ್ಲಿನ ಮನೆಮಾತುಗಳು. ಹೊಲಗಳು ಫಲವತ್ತಾಗಿದ್ದರೂ ಭೂಮಿ ಇಲ್ಲದ ದಲಿತ ಕುಟುಂಬಗಳ ಪಾಲಿಗೆ ಕೂಲಿಯೇ ಬದುಕಿನ ಆಧಾರವಾಗಿತ್ತು.

ಸೀತವ್ವ ಅವರು ಇಂತಹ ಒಂದು ದಲಿತ ಕುಟುಂಬದಲ್ಲಿ ಜನಿಸಿದರು. ಸುಮಾರು ಏಳನೆಯ ವಯಸ್ಸಿನಲ್ಲಿ, ಅಂದರೆ ಮಕ್ಕಳು ಶಾಲೆಯಲ್ಲಿ ಅಕ್ಷರ ತಿದ್ದುವ ಕಾಲದಲ್ಲಿ, ಅವರಿಗೆ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಲಾಯಿತು. ಆ ವಯಸ್ಸಿನ ಮಗುವಿಗೆ ಈ ವಿಧಿಯ ಅರ್ಥ ತಿಳಿಯುವುದು ಸಾಧ್ಯವಿರಲಿಲ್ಲ. ಅದರ ಪರಿಣಾಮಗಳು ಪ್ರಾಯಕ್ಕೆ ಬಂದ ಮೇಲೆ ಎದುರಾದವು. ಎಳೆಯ ವಯಸ್ಸಿನಲ್ಲಿಯೇ ತಾಯ್ತನದ ಹೊಣೆಯೂ ಅವರ ಮೇಲೆ ಬಿದ್ದಿತು.

ಗಡಿಭಾಗದಲ್ಲಿ ದೇವದಾಸಿ ಪದ್ಧತಿ

ಸೀತವ್ವ ಅವರ ಬದುಕು ಮತ್ತು ಕಾರ್ಯವನ್ನು ತಿಳಿಯಲು ಈ ಭಾಗದಲ್ಲಿದ್ದ ಪದ್ಧತಿಯ ಸ್ವರೂಪವನ್ನು ಅರಿಯುವುದು ಅವಶ್ಯ. ದಕ್ಷಿಣ ಭಾರತದ ದೊಡ್ಡ ದೇವಾಲಯಗಳಲ್ಲಿ ಸಂಗೀತ ಮತ್ತು ನೃತ್ಯಸೇವೆಗೆ ನಿಯುಕ್ತರಾಗಿದ್ದ ದೇವದಾಸಿಯರ ಪರಂಪರೆಗೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಂಡುಬರುವ ಈ ರೂಢಿಗೂ ಬಹಳ ವ್ಯತ್ಯಾಸವಿದೆ. ಇಲ್ಲಿ ಸಮರ್ಪಿತರಾದವರಲ್ಲಿ ಹೆಚ್ಚಿನವರು ದಲಿತ ಸಮುದಾಯಗಳ ಹೆಣ್ಣುಮಕ್ಕಳು. ಅವರಿಗೆ ದೇವಾಲಯದಿಂದ ಸಂಬಳವಾಗಲಿ ಉಂಬಳಿಯಾಗಲಿ ದೊರೆಯುತ್ತಿರಲಿಲ್ಲ.

ಸವದತ್ತಿಯ ಯಲ್ಲಮ್ಮನ ಗುಡ್ಡ ಈ ಪದ್ಧತಿಯ ಪ್ರಮುಖ ಕೇಂದ್ರವಾಗಿತ್ತು. ಯಲ್ಲಮ್ಮನನ್ನು ಜಮದಗ್ನಿ ಋಷಿಯ ಪತ್ನಿಯೂ ಪರಶುರಾಮನ ತಾಯಿಯೂ ಆದ ರೇಣುಕೆಯೆಂದು ಭಕ್ತರು ಪೂಜಿಸುತ್ತಾರೆ. ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಯ ಜಾತ್ರೆಗಳಿಗೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಾಂತರ ಜನ ಬರುತ್ತಾರೆ. ಅಥಣಿ ತಾಲ್ಲೂಕಿನ ಕೋಕಟನೂರಿನಲ್ಲಿಯೂ ಯಲ್ಲಮ್ಮನ ಪ್ರಸಿದ್ಧ ದೇವಾಲಯವಿದೆ.

ಸಮರ್ಪಣೆಯ ವಿಧಿಯನ್ನು ಆಡುಮಾತಿನಲ್ಲಿ ‘ಮುತ್ತು ಕಟ್ಟುವುದು’ ಎನ್ನುತ್ತಾರೆ. ಹಿರಿಯ ಜೋಗತಿಯರ ಸಮ್ಮುಖದಲ್ಲಿ ಬಾಲಕಿಯ ಕೊರಳಿಗೆ ಕೆಂಪು ಮತ್ತು ಬಿಳಿ ಮಣಿಗಳ ಸರವನ್ನು ಕಟ್ಟಲಾಗುತ್ತಿತ್ತು. ಅಂದಿನಿಂದ ಆಕೆ ದೇವಿಗೆ ಸೇರಿದವಳು. ಬೇರೆ ಮದುವೆಗೆ ಅವಕಾಶವಿಲ್ಲ. ಮಂಗಳವಾರ ಮತ್ತು ಶುಕ್ರವಾರಗಳಂದು ಪಡ್ಡಲಿಗೆ ಹಿಡಿದು ಮನೆ ಮನೆಗೆ ಹೋಗಿ ಜೋಗ ಬೇಡುವುದು ರೂಢಿ. ಪ್ರಾಯಕ್ಕೆ ಬಂದ ಮೇಲೆ ಊರಿನ ಉಳ್ಳವನೊಬ್ಬನು ಆಕೆಯನ್ನು ‘ಇಟ್ಟುಕೊಳ್ಳುವುದು’ ಸಾಮಾನ್ಯವಾಗಿತ್ತು. ಆತನಿಗೆ ಹೆಂಡತಿ ಮಕ್ಕಳು ಬೇರೆಯೇ ಇರುತ್ತಿದ್ದರು. ಆತ ಕೈಬಿಟ್ಟರೆ ಕೇಳುವ ಹಕ್ಕು ಆಕೆಗೆ ಇರಲಿಲ್ಲ. ಹಾಗೆ ಕೈಬಿಟ್ಟ ಅನೇಕರು ಸಾಂಗಲಿ, ಪುಣೆ, ಮುಂಬಯಿಗಳ ವೇಶ್ಯಾವಾಟಿಕೆಗಳನ್ನು ಸೇರಿದರು.

ಹೆಣ್ಣುಮಕ್ಕಳನ್ನು ಹೀಗೆ ಬಿಡುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದವು ಇವು:

• ಮನೆಯಲ್ಲಿ ಗಂಡುಮಕ್ಕಳಿಲ್ಲದಿರುವುದು. ಮುತ್ತು ಕಟ್ಟಿಸಿಕೊಂಡ ಮಗಳು ಗಂಡನ ಮನೆಗೆ ಹೋಗದೆ ತವರಿನಲ್ಲಿಯೇ ಉಳಿದು ಮಗನಂತೆ ತಂದೆತಾಯಿಯರನ್ನು ಸಾಕುತ್ತಾಳೆಂಬ ನಿರೀಕ್ಷೆ.

• ಮನೆಯವರ ಕಾಯಿಲೆ, ಮಕ್ಕಳ ಮರಣ ಮುಂತಾದ ಸಂಕಟಗಳ ಸಮಯದಲ್ಲಿ ಹೊತ್ತ ಹರಕೆ.

• ತಲೆಗೂದಲು ಗಂಟುಕಟ್ಟಿ ಜಡೆಯಾದಾಗ ಅದನ್ನು ದೇವಿಯ ಕರೆಯೆಂದು ನಂಬುವುದು.

• ತಾಯಿ ಅಥವಾ ಅಜ್ಜಿ ದೇವದಾಸಿಯಾಗಿದ್ದು, ಮಗಳಿಗೆ ವರ ಸಿಗದಿರುವುದು.

• ವರದಕ್ಷಿಣೆ ಮತ್ತು ಮದುವೆಯ ಖರ್ಚನ್ನು ಹೊರಲಾಗದ ಬಡತನ.

ಇವುಗಳಲ್ಲಿ ನಂಬಿಕೆಗೆ ಸಂಬಂಧಿಸಿದ ಕಾರಣಗಳೂ ಇವೆ, ಹೊಟ್ಟೆಪಾಡಿಗೆ ಸಂಬಂಧಿಸಿದವೂ ಇವೆ. ಆದುದರಿಂದ ಕೇವಲ ಉಪದೇಶದಿಂದಾಗಲಿ ಕೇವಲ ಶಿಕ್ಷೆಯ ಭಯದಿಂದಾಗಲಿ ಪದ್ಧತಿ ನಿಲ್ಲಲಿಲ್ಲ.

ತಾಯಿಯ ಹೆಸರು ಮತ್ತು ಮಕ್ಕಳ ಪ್ರಶ್ನೆ

ದೇವದಾಸಿಯರಿಗೆ ಹುಟ್ಟಿದ ಮಕ್ಕಳನ್ನು ಸಾಕುವ ಹೊಣೆ ಪೂರ್ಣವಾಗಿ ತಾಯಿಯದೇ ಆಗಿತ್ತು. ತಂದೆ ಯಾರೆಂಬುದು ಊರಿಗೆಲ್ಲ ತಿಳಿದಿದ್ದರೂ ಆತ ಬಹಿರಂಗವಾಗಿ ಒಪ್ಪಿಕೊಳ್ಳುವುದು ವಿರಳ. ಮಗುವಿಗೆ ಆತನ ಆಸ್ತಿಯಲ್ಲಿ ಪಾಲು ದೊರೆಯುತ್ತಿರಲಿಲ್ಲ. ತಾಯಿ ಕೂಲಿ ಮಾಡಿ, ಬೀಡಿ ಕಟ್ಟಿ, ಜೋಗ ಬೇಡಿ ಮಕ್ಕಳ ಹೊಟ್ಟೆ ಹೊರೆಯುತ್ತಿದ್ದಳು. ಜೊತೆಗೆ ವೃದ್ಧ ತಂದೆತಾಯಿಯರನ್ನೂ ನೋಡಿಕೊಳ್ಳುತ್ತಿದ್ದಳು.

ಮಗುವನ್ನು ಶಾಲೆಗೆ ಸೇರಿಸುವಾಗ ಈ ಸ್ಥಿತಿಯು ಬಹಿರಂಗವಾಗುತ್ತಿತ್ತು. ಪ್ರವೇಶದ ಅರ್ಜಿಯಲ್ಲಿ ತಂದೆಯ ಹೆಸರಿನ ಅಂಕಣವನ್ನು ಹೇಗೆ ತುಂಬುವುದೆಂಬುದು ತಾಯಿಗೂ ಶಿಕ್ಷಕರಿಗೂ ಸಮಸ್ಯೆಯಾಗುತ್ತಿತ್ತು. ಕೆಲವರು ತಾಯಿಯ ಹೆಸರನ್ನೇ ಬರೆಸಿದರು. ಕೆಲವರು ತಾಯಿಯ ತಂದೆಯ ಹೆಸರನ್ನು ಬರೆಸಿದರು. ಆ ಅಂಕಣದಲ್ಲಿ ಬರೆದುದು ವರ್ಗಾವಣೆ ಪತ್ರ, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಪಡಿತರ ಚೀಟಿ, ಉದ್ಯೋಗದ ಅರ್ಜಿ ಹೀಗೆ ಮುಂದಿನ ಎಲ್ಲ ದಾಖಲೆಗಳಲ್ಲಿಯೂ ಮುಂದುವರಿಯುತ್ತಿತ್ತು. ಸಹಪಾಠಿಗಳ ಹೀಯಾಳಿಕೆಗೆ ಅಂಜಿ ಶಾಲೆ ಬಿಟ್ಟ ಮಕ್ಕಳೂ ಇದ್ದರು. ಮದುವೆಯ ಮಾತುಕತೆಯಲ್ಲಿ ‘ತಂದೆ ಯಾರು’ ಎಂಬ ಪ್ರಶ್ನೆ ಮತ್ತೆ ಎದುರಾಗುತ್ತಿತ್ತು. ವರ ಸಿಗದ ಮಗಳಿಗೆ ಮುತ್ತು ಕಟ್ಟುವುದೊಂದೇ ದಾರಿಯೆಂದು ತಾಯಿ ತಿಳಿದಾಗ ಪದ್ಧತಿಯು ಮುಂದಿನ ತಲೆಮಾರಿಗೆ ದಾಟುತ್ತಿತ್ತು.

ಈ ಕಾರಣದಿಂದ, ಸೀತವ್ವ ಅವರಂತಹ ಮಾಜಿ ದೇವದಾಸಿಯರು ಕೈಗೊಂಡ ಕಾರ್ಯದಲ್ಲಿ ಮಕ್ಕಳ ಶಿಕ್ಷಣ ಮತ್ತು ಮದುವೆಗಳು ಕೇಂದ್ರಸ್ಥಾನದಲ್ಲಿವೆ. ತಾಯಿಗೆ ಆದುದು ಮಗಳಿಗೆ ಆಗದಂತೆ ತಡೆಯುವುದೇ ಅವರ ಸಂಘಟನೆಯ ಮೂಲ ಉದ್ದೇಶ.

ಸ್ವಸಹಾಯ ಗುಂಪಿನಿಂದ ಸಂಸ್ಥೆಯವರೆಗೆ

1990ರ ದಶಕದ ಆರಂಭದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿಯರ ಪುನರ್ವಸತಿಯ ಕಾರ್ಯವನ್ನು ಮೈರಾಡ ಸಂಸ್ಥೆಯು ಕೈಗೆತ್ತಿಕೊಂಡಿತು. 1968ರಲ್ಲಿ ಸ್ಥಾಪನೆಯಾದ ಮೈರಾಡ, ಮೊದಲಿಗೆ ಟಿಬೆಟಿನ ನಿರಾಶ್ರಿತರ ಪುನರ್ವಸತಿಯಲ್ಲಿ ತೊಡಗಿದ್ದು, ನಂತರ ಗ್ರಾಮೀಣ ಬಡವರ ಸ್ವಸಹಾಯ ಗುಂಪುಗಳನ್ನು ರೂಪಿಸಿದ ಮುಂಚೂಣಿಯ ಸಂಸ್ಥೆಗಳಲ್ಲಿ ಒಂದಾಯಿತು. ನಬಾರ್ಡ್ ಬ್ಯಾಂಕು 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆಯನ್ನು 500 ಗುಂಪುಗಳೊಂದಿಗೆ ಪ್ರಾಯೋಗಿಕವಾಗಿ ಆರಂಭಿಸಿತು. ಅದಕ್ಕೆ ಮೈರಾಡದಂತಹ ಸಂಸ್ಥೆಗಳ ಅನುಭವವು ಆಧಾರವಾಗಿತ್ತು. 1987ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವು 1993–94ರಿಂದ ದೇವದಾಸಿ ಪುನರ್ವಸತಿ ಯೋಜನೆಯನ್ನು ಜಾರಿಗೆ ತಂದಿತು.

ಗುಂಪಿನ ರಚನೆ ಸರಳವಾಗಿತ್ತು. ಒಂದೇ ಊರಿನ ಅಥವಾ ನೆರೆಯ ಊರುಗಳ ಹದಿನೈದು ಇಪ್ಪತ್ತು ಮಹಿಳೆಯರು ವಾರಕ್ಕೊಮ್ಮೆ ಸೇರುತ್ತಿದ್ದರು. ಪ್ರತಿಯೊಬ್ಬರೂ ಕೆಲವೇ ರೂಪಾಯಿ ಉಳಿತಾಯ ಕಟ್ಟುತ್ತಿದ್ದರು. ಆ ಹಣದಿಂದ ಸದಸ್ಯೆಯರಿಗೆ ಸಾಲ ದೊರೆಯುತ್ತಿತ್ತು. ಎಮ್ಮೆ, ಆಡು ಕೊಳ್ಳಲು, ಸಣ್ಣ ಅಂಗಡಿ ಹಾಕಲು, ಮಕ್ಕಳ ಓದಿಗೆ, ಔಷಧಿಗೆ ಅದು ನೆರವಾಯಿತು. ಹಣಕ್ಕಿಂತಲೂ ಮುಖ್ಯವಾದ ಬದಲಾವಣೆಯೆಂದರೆ, ಊರಿನಲ್ಲಿ ಒಬ್ಬೊಬ್ಬರಾಗಿ ತಲೆತಗ್ಗಿಸಿ ಬದುಕುತ್ತಿದ್ದವರು ಒಂದೆಡೆ ಕುಳಿತು ತಮ್ಮ ಸ್ಥಿತಿಯ ಬಗ್ಗೆ ಮಾತನಾಡತೊಡಗಿದರು. ಸಹಿ ಹಾಕುವುದನ್ನು, ಲೆಕ್ಕದ ಪುಸ್ತಕ ಬರೆಯುವುದನ್ನು ಕಲಿತರು. ಬ್ಯಾಂಕು ಮತ್ತು ತಾಲ್ಲೂಕು ಕಚೇರಿಗಳಿಗೆ ತಾವೇ ಹೋಗತೊಡಗಿದರು.

ಸೀತವ್ವ ಅವರು ಈ ಹಂತದಲ್ಲಿ ಚಳವಳಿಗೆ ಬಂದವರು. 1997ರಲ್ಲಿ ಈ ಗುಂಪುಗಳ ಮಹಿಳೆಯರದೇ ಆದ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ ಘಟಪ್ರಭಾದಲ್ಲಿ ರೂಪುಗೊಂಡಿತು. ಮಾಜಿ ದೇವದಾಸಿಯರೇ ಅದರ ಸದಸ್ಯರು, ಅವರೇ ಪದಾಧಿಕಾರಿಗಳು. ಹೊರಗಿನವರು ಬಂದು ಉದ್ಧರಿಸುವ ಕ್ರಮಕ್ಕೆ ಬದಲಾಗಿ, ಪದ್ಧತಿಯಿಂದ ಹೊರಬಂದವರೇ ಇತರರನ್ನು ಹೊರತರುವ ಕ್ರಮವನ್ನು ಅದು ಅನುಸರಿಸಿತು. ಕಾಲಕ್ರಮದಲ್ಲಿ ಜಿಲ್ಲೆಯ ಸಾವಿರಾರು ಮಹಿಳೆಯರು ಸಂಸ್ಥೆಯ ವ್ಯಾಪ್ತಿಗೆ ಬಂದರು. ಸೀತವ್ವ ಅವರು ಕಾರ್ಯಕರ್ತೆಯಾಗಿ ದುಡಿದು, ಮುಂದೆ ಅದರ ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾದರು.

ಕಾರ್ಯವಿಧಾನ

ಸಂಸ್ಥೆಯ ಕಾರ್ಯವನ್ನು ಸ್ಥೂಲವಾಗಿ ನಾಲ್ಕು ಭಾಗಗಳಾಗಿ ನೋಡಬಹುದು.

ಸಮರ್ಪಣೆಯನ್ನು ತಡೆಯುವುದು: ಹಿಂದೆ ಜಾತ್ರೆಯ ಸಮಯದಲ್ಲಿ ಬಹಿರಂಗವಾಗಿ ನಡೆಯುತ್ತಿದ್ದ ವಿಧಿಯು ಕಾನೂನು ಬಂದ ಮೇಲೆ ಮನೆಗಳಲ್ಲಿ, ರಾತ್ರಿಯ ವೇಳೆ ಗುಟ್ಟಾಗಿ ನಡೆಯತೊಡಗಿತು. ಇದರ ಸುಳಿವು ಪೊಲೀಸರಿಗಿಂತ ಮೊದಲು ತಿಳಿಯುವುದು ಅದೇ ಓಣಿಯ ಹೆಂಗಸರಿಗೆ. ಆದುದರಿಂದ ಹಳ್ಳಿಗಳಲ್ಲಿನ ಸದಸ್ಯೆಯರ ಜಾಲವೇ ಈ ಕಾರ್ಯದ ಬಲ. ಸುಳಿವು ಸಿಕ್ಕಾಗ ಮೊದಲು ತಂದೆತಾಯಿಯರ ಮನವೊಲಿಸುವುದು, ಒಪ್ಪದಿದ್ದರೆ ಕಾನೂನಿನ ನೆರವು ಪಡೆಯುವುದು ಕ್ರಮ. ತನಗೂ ಮುತ್ತು ಕಟ್ಟಿದ್ದರು, ಅದರಿಂದ ತನಗಾದುದು ಇದು ಎಂದು ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಹೇಳುವ ಮಾತಿಗೆ ಅಧಿಕಾರಿಗಳ ಎಚ್ಚರಿಕೆಗಿಂತ ಹೆಚ್ಚಿನ ತೂಕವಿರುತ್ತದೆ.

ನಂಬಿಕೆಗಳ ಕುರಿತು ತಿಳಿವಳಿಕೆ: ಜಡೆಯ ವಿಷಯ ಇದಕ್ಕೆ ಉತ್ತಮ ಉದಾಹರಣೆ. ಕೂದಲನ್ನು ಸರಿಯಾಗಿ ತೊಳೆಯದೆ, ಬಾಚದೆ ಬಿಟ್ಟಾಗ ಎಣ್ಣೆ, ಧೂಳು ಸೇರಿ ಗಂಟುಕಟ್ಟುತ್ತದೆ. ಭಂಡಾರ ಹಚ್ಚಿದಾಗ ಅದು ಇನ್ನಷ್ಟು ಬಿಗಿಯಾಗುತ್ತದೆ. ಅದನ್ನು ಕತ್ತರಿಸಿದರೆ ದೇವಿಯ ಕೋಪಕ್ಕೆ ಗುರಿಯಾಗಬೇಕೆಂಬ ಭಯ ಆಳವಾಗಿತ್ತು. ಜಡೆ ತೆಗೆಸಿಕೊಂಡು ಆರೋಗ್ಯವಾಗಿರುವವರನ್ನೇ ಮುಂದೆ ನಿಲ್ಲಿಸಿ ಈ ಭಯವನ್ನು ದೂರ ಮಾಡುವುದು ಈ ಭಾಗದ ಸುಧಾರಕರು ಅನುಸರಿಸಿದ ದಾರಿ. ಯಲ್ಲಮ್ಮನ ಮೇಲಿನ ಭಕ್ತಿಯನ್ನು ಬಿಡಬೇಕಾಗಿಲ್ಲ, ಮಗಳನ್ನು ಬಿಡುವುದು ಬೇಡ ಎಂಬ ವಿವೇಚನೆಯು ಜನರಿಗೆ ಒಪ್ಪಿಗೆಯಾಯಿತು.

ಜೀವನೋಪಾಯ ಮತ್ತು ಹಕ್ಕುಗಳು: ಉಳಿತಾಯ ಮತ್ತು ಸಾಲದ ಜೊತೆಗೆ ಮನೆ, ನಿವೇಶನ, ಮಾಸಾಶನ, ಪಡಿತರ ಚೀಟಿಗಳಿಗೆ ಅರ್ಜಿ ಹಾಕಿಸುವುದು, ಸಮೀಕ್ಷೆಯ ಪಟ್ಟಿಯಲ್ಲಿ ಹೆಸರು ಸೇರಿಸಲು ನೆರವಾಗುವುದು, ಆರೋಗ್ಯ ತಪಾಸಣೆ, ಎಚ್‌ಐವಿ ಕುರಿತ ಅರಿವು ಇವೂ ಮಾಜಿ ದೇವದಾಸಿಯರ ಸಂಘಟನೆಗಳ ಕೆಲಸಗಳಾದವು.

ಮಕ್ಕಳ ಶಿಕ್ಷಣ ಮತ್ತು ವಿವಾಹ: ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಸೇರಿಸುವುದು, ವಸತಿನಿಲಯಗಳಲ್ಲಿ ಸ್ಥಾನ ಕೊಡಿಸುವುದು, ಪ್ರಾಯಕ್ಕೆ ಬಂದವರ ಮದುವೆಗೆ ನೆರವಾಗುವುದು ಇದರಲ್ಲಿ ಸೇರುತ್ತವೆ. ದೇವದಾಸಿಯ ಮಗಳೊಬ್ಬಳು ಓದಿ ಉದ್ಯೋಗ ಹಿಡಿದರೆ, ಅಥವಾ ಮದುವೆಯಾಗಿ ಸಂಸಾರ ಹೂಡಿದರೆ, ಆ ಮನೆಯಲ್ಲಿ ಪದ್ಧತಿಯು ಅಲ್ಲಿಗೆ ಮುಗಿಯುತ್ತದೆ.

ಕಾನೂನಿನ ಹಿನ್ನೆಲೆ

ಈ ಭಾಗದಲ್ಲಿ ಪದ್ಧತಿಯನ್ನು ನಿಯಂತ್ರಿಸುವ ಪ್ರಯತ್ನಗಳು ಸ್ವಾತಂತ್ರ್ಯಕ್ಕೂ ಮೊದಲೇ ಆರಂಭವಾದವು. ರಾಯಬಾಗವು ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಶಾಹೂ ಮಹಾರಾಜರು 1920ರಲ್ಲಿ ಈ ಪದ್ಧತಿಯ ವಿರುದ್ಧ ಆಜ್ಞೆ ಹೊರಡಿಸಿದರು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ಅಥಣಿ ಮುಂತಾದ ಭಾಗಗಳು ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ, 1934ರ ಮುಂಬಯಿ ದೇವದಾಸಿ ಸಂರಕ್ಷಣಾ ಕಾಯ್ದೆ ಅಲ್ಲಿಗೆ ಅನ್ವಯಿಸಿತು. ಆ ಕಾಯ್ದೆಯು ಸಮರ್ಪಣೆಯನ್ನು ಕಾನೂನುಬಾಹಿರವೆಂದು ಘೋಷಿಸಿ, ದೇವದಾಸಿಯು ಮದುವೆಯಾದರೆ ಆ ಮದುವೆ ಸಿಂಧುವೆಂದು ಹೇಳಿತು. ಆದರೆ ಹಳ್ಳಿಗಳಲ್ಲಿ ಅದರ ಪರಿಣಾಮ ಅಲ್ಪವಾಗಿತ್ತು.

1970ರ ದಶಕದಲ್ಲಿ ಗಡಿಭಾಗದಲ್ಲಿ ಹೊಸ ಚಳವಳಿ ಕಾಣಿಸಿಕೊಂಡಿತು. ನಿಪ್ಪಾಣಿಗೆ ಸಮೀಪದ, ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದಲ್ಲಿ 1975ರಲ್ಲಿ ದೇವದಾಸಿಯರ ಪರಿಷತ್ತು ಜರುಗಿತು. ಕರ್ನಾಟಕ ವಿಧಾನಮಂಡಲವು ಅಂಗೀಕರಿಸಿದ ಕರ್ನಾಟಕ ದೇವದಾಸಿಯರ (ಸಮರ್ಪಣೆಯ ನಿಷೇಧ) ಅಧಿನಿಯಮ, 1982 ಎಂಬುದು 1984ರಲ್ಲಿ ಜಾರಿಗೆ ಬಂದಿತು. ಅದರಂತೆ ಸಮರ್ಪಣೆಯನ್ನು ನಡೆಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 2,000 ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿತ್ತು. ತಪ್ಪಿತಸ್ಥರು ತಂದೆತಾಯಿ, ಪೋಷಕರು ಅಥವಾ ಬಂಧುಗಳಾಗಿದ್ದರೆ ಶಿಕ್ಷೆ ಎರಡರಿಂದ ಐದು ವರ್ಷವಾಗಿತ್ತು. ದಂಡ 2,000ದಿಂದ 5,000 ರೂಪಾಯಿಯಾಗಿತ್ತು.

ಮನೆಯವರಿಗೆ ಹೆಚ್ಚಿನ ಶಿಕ್ಷೆ ವಿಧಿಸುವ ಈ ನಿಯಮದಿಂದ ಒಂದು ತೊಡಕೂ ಉಂಟಾಯಿತು. ಮಗಳು ದೂರು ಕೊಟ್ಟರೆ ಸೆರೆಗೆ ಹೋಗುವವರು ಆಕೆಯ ತಾಯಿಯೋ ಅಜ್ಜಿಯೋ ಆಗುತ್ತಿದ್ದರು. ಆಕೆಯನ್ನು ಇಟ್ಟುಕೊಂಡ ಗಂಡಸು ಈ ಕಾಯ್ದೆಯ ಹಿಡಿತಕ್ಕೆ ಸುಲಭವಾಗಿ ಸಿಗುತ್ತಿರಲಿಲ್ಲ. ದೂರುಗಳು ಕಡಿಮೆಯಾಗಿದ್ದುದಕ್ಕೆ ಇದೂ ಒಂದು ಕಾರಣ. ಮುಂದೆ ಬಂದ ಬೇರೆ ಕಾನೂನುಗಳು ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದವು. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ (2012) 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯು, ಆ ಸಮುದಾಯಗಳ ಮಹಿಳೆಯನ್ನು ದೇವದಾಸಿಯಾಗಿ ಸಮರ್ಪಿಸುವುದನ್ನೂ ಅದಕ್ಕೆ ಪ್ರೋತ್ಸಾಹ ನೀಡುವುದನ್ನೂ ದೌರ್ಜನ್ಯವೆಂದು ಸೇರಿಸಿತು.

ಒಂಟಿ ತಾಯಂದಿರ ಹಕ್ಕಿನ ವಿಷಯದಲ್ಲಿಯೂ ಬದಲಾವಣೆಗಳಾದವು. 2015ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅವಿವಾಹಿತ ತಾಯಿಯು ತಂದೆಯ ಹೆಸರನ್ನು ಬಹಿರಂಗಪಡಿಸದೆಯೇ ಮಗುವಿನ ಪೋಷಕಳೆಂದು ಮಾನ್ಯತೆ ಪಡೆಯಬಹುದೆಂದು ತೀರ್ಪು ನೀಡಿತು. ತಾಯಿಯ ಪ್ರಮಾಣಪತ್ರದ ಆಧಾರದ ಮೇಲೆ ಮಗುವಿಗೆ ಜನನ ಪ್ರಮಾಣಪತ್ರ ಕೊಡಬೇಕೆಂದೂ ಹೇಳಿತು. 2016ರ ಡಿಸೆಂಬರಿನಲ್ಲಿ ಪ್ರಕಟವಾದ ನಿಯಮಗಳಂತೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರ ಹೆಸರಿದ್ದರೆ ಸಾಕು. ಈ ತೀರ್ಪು ಮತ್ತು ನಿಯಮಗಳು ದೇವದಾಸಿಯರನ್ನು ಕುರಿತೇ ರೂಪುಗೊಂಡವಲ್ಲ. ಆದರೂ ಅವರ ಮಕ್ಕಳ ಬಹುಕಾಲದ ತೊಂದರೆಗೆ ಉತ್ತರವಾದವು.

2025ರ ಆಗಸ್ಟ್‌ನಲ್ಲಿ ಕರ್ನಾಟಕ ವಿಧಾನಮಂಡಲವು ಹೊಸ ವಿಧೇಯಕವನ್ನು ಅಂಗೀಕರಿಸಿತು. ಹಿಂದಿನ ಕಾಯ್ದೆಯು ಮುಖ್ಯವಾಗಿ ನಿಷೇಧ ಮತ್ತು ಶಿಕ್ಷೆಗೆ ಸೀಮಿತವಾಗಿತ್ತು. ಹೊಸದು ಪರಿಹಾರ ಮತ್ತು ಪುನರ್ವಸತಿಯನ್ನೂ ಒಳಗೊಂಡಿದೆ. ದೇವದಾಸಿಯರ ಮಕ್ಕಳು ತಮ್ಮ ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕು ಮತ್ತು ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲವೆಂಬ ಅಂಶಗಳು ಅದರಲ್ಲಿ ಸೇರಿವೆ.

ಸಮೀಕ್ಷೆ ಮತ್ತು ಸರ್ಕಾರಿ ಸೌಲಭ್ಯಗಳು

1993–94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಲಾಯಿತು. ಅದರಲ್ಲಿ ಬಿಟ್ಟುಹೋದವರನ್ನು ಸೇರಿಸಲು 2007–08ರಲ್ಲಿ ಮತ್ತೊಮ್ಮೆ ಸಮೀಕ್ಷೆ ನಡೆದು, 23,787 ಹೆಸರುಗಳು ಹೆಚ್ಚಾಗಿ ಒಟ್ಟು ಸಂಖ್ಯೆ 46,660ಕ್ಕೆ ಏರಿತು. ಮೊದಲ ಪಟ್ಟಿಯಲ್ಲಿದ್ದವರಿಗಿಂತ ಹೊರಗೆ ಉಳಿದಿದ್ದವರೇ ಹೆಚ್ಚು ಎಂಬುದು ಇದರಿಂದ ತಿಳಿಯುತ್ತದೆ. ಪಟ್ಟಿಯಲ್ಲಿ ಹೆಸರಿರುವವರಿಗೆ ಮಾತ್ರ ಸೌಲಭ್ಯಗಳು ದೊರೆಯುವುದರಿಂದ, ಹೆಸರು ಸೇರಿಸುವ ಕೆಲಸಕ್ಕೆ ಸಂಘಟನೆಗಳು ಮಹತ್ವ ಕೊಟ್ಟಿವೆ.

ಮಾಜಿ ದೇವದಾಸಿಯರಿಗೆ ಸರ್ಕಾರ ಮಾಸಾಶನ ನೀಡುತ್ತದೆ. 2025–26ರ ಆಯವ್ಯಯದಲ್ಲಿ ಇದನ್ನು 1,500 ರೂಪಾಯಿಯಿಂದ 2,000 ರೂಪಾಯಿಗೆ ಹೆಚ್ಚಿಸಲಾಯಿತು. ಅವರ ಮಕ್ಕಳ ಮದುವೆಗೂ ಪ್ರೋತ್ಸಾಹಧನವಿದ್ದು, ದೇವದಾಸಿಯ ಮಗನನ್ನು ವರಿಸಿದರೆ 3 ಲಕ್ಷ ರೂಪಾಯಿ, ಮಗಳನ್ನು ವರಿಸಿದರೆ 5 ಲಕ್ಷ ರೂಪಾಯಿ ನಿಗದಿಯಾಗಿದೆ. ವಸತಿ ಮತ್ತು ಸ್ವಉದ್ಯೋಗದ ಸಾಲಕ್ಕೂ ಯೋಜನೆಗಳಿವೆ.

ಪದ್ಮಶ್ರೀ ಪ್ರಶಸ್ತಿ

2018ರ ಗಣರಾಜ್ಯೋತ್ಸವದ ಮುನ್ನಾದಿನ ಪ್ರಕಟವಾದ ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿ 73 ಪದ್ಮಶ್ರೀ ಪ್ರಶಸ್ತಿಗಳಿದ್ದವು. ಸಮಾಜಸೇವೆಯ ವಿಭಾಗದಲ್ಲಿ ಸೀತವ್ವ ಜೋಡಟ್ಟಿ ಅವರ ಹೆಸರಿತ್ತು. ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಅಧಿಕಾರಾವಧಿಯಲ್ಲಿ ಈ ಪ್ರಶಸ್ತಿ ಪ್ರದಾನವಾಯಿತು.

ಆ ವರ್ಷದ ಪಟ್ಟಿಯಲ್ಲಿ ಕರ್ನಾಟಕದ ಗ್ರಾಮೀಣ ಸಾಧಕರು ಹಲವರಿದ್ದರು. ಪಾವಗಡ ತಾಲ್ಲೂಕಿನಲ್ಲಿ ಸಾವಿರಾರು ಹೆರಿಗೆಗಳನ್ನು ಉಚಿತವಾಗಿ ಮಾಡಿಸಿದ ಸೂಲಗಿತ್ತಿ ನರಸಮ್ಮ, ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಪ್ರವಚನಕಾರ ಇಬ್ರಾಹಿಂ ಸುತಾರ ಅವರೂ ಅದೇ ವರ್ಷ ಪದ್ಮಶ್ರೀ ಪಡೆದರು. ನರಸಮ್ಮ ಮತ್ತು ಸೀತವ್ವ ಇಬ್ಬರೂ ಉನ್ನತ ಪದವಿ, ಅಧಿಕಾರ, ಸಂಪತ್ತುಗಳ ಬೆಂಬಲವಿಲ್ಲದೆ ತಾಯಂದಿರು ಮತ್ತು ಮಕ್ಕಳ ನಡುವೆಯೇ ಕೆಲಸ ಮಾಡಿದವರು.

ದೇವದಾಸಿಯಾಗಿದ್ದ ಮಹಿಳೆಯೊಬ್ಬರಿಗೆ ರಾಷ್ಟ್ರಮಟ್ಟದ ನಾಗರಿಕ ಪ್ರಶಸ್ತಿ ದೊರೆತುದು ಈ ಭಾಗದ ಮಾಜಿ ದೇವದಾಸಿಯರಲ್ಲಿ ಆತ್ಮವಿಶ್ವಾಸ ಮೂಡಿಸಿತು. ತಮ್ಮ ಹಿಂದಿನ ಬದುಕನ್ನು ಮುಚ್ಚಿಡುತ್ತಿದ್ದವರು ಹೆಚ್ಚಾಗಿರುವ ಸಮಾಜದಲ್ಲಿ, ಅದನ್ನು ಬಹಿರಂಗವಾಗಿ ಹೇಳಿಕೊಂಡೇ ಸೀತವ್ವ ಅವರು ಸಾರ್ವಜನಿಕ ಕಾರ್ಯದಲ್ಲಿ ನಿಂತಿದ್ದರು.

ಭಿನ್ನ ಅಭಿಪ್ರಾಯಗಳು

ದೇವದಾಸಿ ಪದ್ಧತಿಯ ನಿರ್ಮೂಲನೆಯ ಕುರಿತು ವಿದ್ವಾಂಸರಲ್ಲಿಯೂ ಸಂಘಟನೆಗಳಲ್ಲಿಯೂ ಒಮ್ಮತವಿಲ್ಲ. ಮಾನವಶಾಸ್ತ್ರಜ್ಞೆ ಲುಸಿಂಡಾ ರಾಂಬರ್ಗ್ ಅವರು ಉತ್ತರ ಕರ್ನಾಟಕದ ಜೋಗತಿಯರ ನಡುವೆ ಅಧ್ಯಯನ ನಡೆಸಿ 2014ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಮುತ್ತು ಕಟ್ಟಿಸಿಕೊಂಡ ಮಗಳಿಗೆ ತವರಿನಲ್ಲಿ ಮಗನ ಸ್ಥಾನವೂ ಆಸ್ತಿಯ ಹಕ್ಕೂ ಇದ್ದುದನ್ನು, ಸುಧಾರಣೆಯ ಭರದಲ್ಲಿ ಅವರ ಧಾರ್ಮಿಕ ಸ್ಥಾನಮಾನ ಅಪರಾಧವಾಗಿ ಕಂಡುದನ್ನು ಅವರು ಚರ್ಚಿಸಿದ್ದಾರೆ. ಗಡಿಯಾಚೆಯ ಸಾಂಗಲಿಯಲ್ಲಿ ಹುಟ್ಟಿದ ಲೈಂಗಿಕ ಕಾರ್ಯಕರ್ತೆಯರ ಸಂಘಟನೆಯಾದ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು, ಉದ್ಧಾರಕ್ಕಿಂತ ಹಕ್ಕು ಮತ್ತು ಘನತೆ ಮುಖ್ಯವೆಂದು ವಾದಿಸುತ್ತದೆ.

ಮಾಸ್‌ನಂತಹ ಸಂಸ್ಥೆಗಳು ಪದ್ಧತಿಯ ನಿರ್ಮೂಲನೆಯ ಪರವಾಗಿವೆ. ಏಳೆಂಟು ವರ್ಷದ ಮಗುವಿಗೆ ತನ್ನ ಬದುಕಿನ ದಾರಿಯನ್ನು ಆರಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ ಎಂಬುದು ಈ ನಿಲುವಿನ ಬಲವಾದ ಆಧಾರ. ಹಾಗಿದ್ದರೂ ಈಗಾಗಲೇ ಪದ್ಧತಿಗೆ ಒಳಗಾದ ತಾಯಂದಿರು ಮತ್ತು ಅವರ ಮಕ್ಕಳಿಗೆ ಗೌರವದ ಬದುಕು ದೊರೆಯಬೇಕೆಂಬ ವಿಷಯದಲ್ಲಿ ಎಲ್ಲರ ಅಭಿಪ್ರಾಯವೂ ಒಂದೇ ಆಗಿದೆ.

ಮಹತ್ವ

ಮಹಿಳೆಯರ ಸಾರ್ವಜನಿಕ ಸೇವೆಯನ್ನು ಸಾಮಾನ್ಯವಾಗಿ ಅವರು ಅಲಂಕರಿಸಿದ ಹುದ್ದೆಗಳಿಂದ ಅಳೆಯುವುದು ರೂಢಿ. ಸೀತವ್ವ ಜೋಡಟ್ಟಿ ಅವರ ಸೇವೆ ಬೇರೆ ಬಗೆಯದು. ಅದು ತಾಯ್ತನದ ಹೊಣೆಗಾರಿಕೆಯಿಂದಲೇ ಬೆಳೆದು, ಸಂಘದ ಮೂಲಕ ವಿಸ್ತರಿಸಿ, ಜಿಲ್ಲೆಯ ಹಳ್ಳಿಗಳನ್ನು ತಲುಪಿತು. ತಂದೆಯ ಹೆಸರಿಲ್ಲವೆಂದು ಹಿಂದೆ ಸರಿಯುತ್ತಿದ್ದ ಮಕ್ಕಳು ಶಾಲೆಯಲ್ಲಿ ಉಳಿಯುವಂತಾಗಬೇಕು, ತಾಯಿಯ ಹೆಸರೇ ಸಾಕೆಂದು ಸಮಾಜವೂ ಸರ್ಕಾರವೂ ಒಪ್ಪಬೇಕು ಎಂಬುದು ಮಾಜಿ ದೇವದಾಸಿಯರ ಬಹುಕಾಲದ ಬೇಡಿಕೆ. ಕಾನೂನು ಅದನ್ನು ಹಂತಹಂತವಾಗಿ ಮನ್ನಿಸುತ್ತ ಬಂದಿದೆ. ಅದು ಪ್ರತಿ ಶಾಲೆಯ ದಾಖಲಾತಿಯಲ್ಲಿ, ಪ್ರತಿ ಮದುವೆಯ ಮಾತುಕತೆಯಲ್ಲಿ ಆಚರಣೆಗೆ ಬರುವವರೆಗೆ ಇಂತಹ ಸಂಘಟನೆಗಳ ಅಗತ್ಯ ಮುಂದುವರಿಯುತ್ತದೆ.